ಅಂಜೂರದ ಕಡ್ಡಿ ಕಳಿಸುವವರು, ನೆಡುವವರು ಗಮನಿಸಿ

ಎಲ್ಲರಿಗೂ ನಮಸ್ಕಾರ. ಚಾಟ್ನಿ (ಗಿಡದ ಕೊಂಬೆ ಸವರುವ ಕೆಲಸ) ಶುರುವಾಗಿದೆ, ಕಡ್ಡಿ ಕೇಳುವವರೂ ಹೆಚ್ಚಿದ್ದಾರೆ. ಬಳ್ಳಾರಿ, ಪೂನಾ, ದಿನಕರ್, ಗಂಜಾಂನ ಹಳೇ ಮರ, ಅಂಜೂರದ ತಳಿ ಯಾವುದಾದರೂ ಕಡ್ಡಿ ಬಲಿತಿರಬೇಕು: ಪೆನ್ಸಿಲ್ ದಪ್ಪ, 20 ಸೆಂ.ಮೀ. ಉದ್ದ, ಕನಿಷ್ಠ 3 ಗೆಣ್ಣು. ಬುಡವನ್ನು ಗೆಣ್ಣಿನ ಕೆಳಗೇ ನೇರವಾಗಿ, ತುದಿಯನ್ನು ಓರೆಯಾಗಿ ಕತ್ತರಿಸಿ; ಆಗ ಯಾರೂ ತಲೆಕೆಳಗೆ ನೆಡುವುದಿಲ್ಲ. ಕತ್ತರಿಸಿದಲ್ಲಿ ಒಸರುವ ಹಾಲು ಕೈಗೆ ತಾಗಿ ಬಿಸಿಲು ಬಿದ್ದರೆ ಬೊಬ್ಬೆ ಏಳುತ್ತದೆ, ಗ್ಲೌಸ್ ಹಾಕಿಕೊಳ್ಳಿ. ಹಾಲು ಒಣಗಿದ ಮೇಲೆ ತುಸು ತೇವದ ನ್ಯೂಸ್‌ಪೇಪರಿನಲ್ಲಿ ಸುತ್ತಿ ಜಿಪ್ ಕವರಿಗೆ ಹಾಕಿ. ತಳಿಯ ಹೆಸರನ್ನು ಕಡ್ಡಿಯ ಮೇಲೇ ಮಾರ್ಕರಿನಲ್ಲಿ ಬರೆಯಿರಿ, ಚೀಟಿ ಉದುರಿಹೋಗುತ್ತದೆ.

ನೆಡುವವರಿಗೆ: ತೇವ ಮಾಡಿದ ಕೋಕೋಪೀಟನ್ನು (ತೆಂಗಿನ ನಾರಿನ ಪುಡಿ) ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆಯಲ್ಲ. ಪಾರದರ್ಶಕ ಲೋಟದ ತಳಕ್ಕೆ ತೂತು ಮಾಡಿ ತುಂಬಿ, ಎರಡು ಗೆಣ್ಣು ಒಳಗೆ ಹೋಗಲಿ, ನೆರಳಲ್ಲಿಡಿ. ಹೆಚ್ಚಿನವರು ಸೋಲುವುದು ಎಲೆ ಬಂದಾಗ. ಕಡ್ಡಿಯಲ್ಲಿ ಉಳಿದ ಸಾರದಿಂದಲೇ ಎರಡೆಲೆ ಚಿಗುರುತ್ತವೆ, ಬೇರು ಇನ್ನೂ ಇರುವುದಿಲ್ಲ. ಆಗ ನೀರು ಸುರಿದರೆ ಬುಡ ಕಪ್ಪಾಗಿ ಕೊಳೆಯುತ್ತದೆ. ಲೋಟದ ಗೋಡೆಗೆ ಬಿಳಿ ಬೇರು ಅಂಟಿದ್ದು ಕಂಡ ಮೇಲೆಯೇ, ಸಾಮಾನ್ಯವಾಗಿ 4–6 ವಾರಕ್ಕೆ, ಕುಂಡಕ್ಕೆ ಬದಲಿಸಿ. ಬೇರು ಕಂದು ಬಣ್ಣಕ್ಕೆ ತಿರುಗುವವರೆಗೆ ಕಾಯುವುದು ಇನ್ನೂ ಒಳ್ಳೆಯದು.

ಎಲೆಯ ಮೇಲೆ ಹಳದಿ ಮಚ್ಚೆ, ಸೊಟ್ಟ ಆಕಾರವಿದ್ದರೆ ಮೊಸಾಯಿಕ್ ನಂಜುರೋಗ ಇರಬಹುದು. ಅಂಥ ಗಿಡದ ಕಡ್ಡಿ ದಯವಿಟ್ಟು ಹಂಚಬೇಡಿ. ಕಾಲಿಮಿರ್ನಾದಂಥ ಸ್ಮಿರ್ನಾ ತಳಿಗೆ ಆಸೆಪಡಬೇಡಿ, ಅದರ ಪರಾಗಸ್ಪರ್ಶಕ್ಕೆ ಬೇಕಾದ ಕಣಜವಿಲ್ಲದೆ ಕಾಯಿ ಉದುರುತ್ತದೆ. ವಿದೇಶದ ಕಡ್ಡಿಗೆ ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು.