ಹಾಜರಿ ಪುಸ್ತಕದ ಗೀಟುಗಳಿಗೆ ಮೊಹರು ಬೇಕು: ಕಾರ್ಮಿಕ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರಿಗೆ,

ನಮಸ್ಕಾರಗಳು. ಬೆಂಗಳೂರಿನಲ್ಲಿ ದೊಡ್ಡ ಕಟ್ಟಡ ಏಳುವ ಕಡೆಯಲ್ಲೆಲ್ಲ ಮೊದಲು ತಗಡಿನ ಶೆಡ್‌ಗಳು ಏಳುತ್ತವೆ. ಯಾದಗಿರಿ, ರಾಯಚೂರಿನ ಗಾರೆ ಕೆಲಸದವರು, ಒಡಿಶಾ, ಬಿಹಾರ, ಪಶ್ಚಿಮ ಬಂಗಾಳದಿಂದ ಬಂದು ಸೆಂಟ್ರಿಂಗ್ ಮಾಡುವವರು, ಕಂಬಿ ಕಟ್ಟುವವರು ಅಲ್ಲಿರುತ್ತಾರೆ. ಮೆಟ್ರೊ ಕಂಬಗಳಿಂದ ವೈಟ್‌ಫೀಲ್ಡ್‌ನ ಟೆಕ್ ಪಾರ್ಕ್‌ಗಳವರೆಗೆ ಇಂಥವರ ಬೆವರಿದೆ. ಇವರಿಲ್ಲದೆ ನಗರ ನಡೆಯದು ಎಂಬುದು 2020ರ ಮೇ ತಿಂಗಳ ಲಾಕ್‌ಡೌನ್ ಹೊತ್ತಿನಲ್ಲೇ ಸರ್ಕಾರಕ್ಕೆ ಗೊತ್ತಿತ್ತು. ಬಿಲ್ಡರ್‌ಗಳ ಜೊತೆ ಸಭೆ ನಡೆದ ಬೆನ್ನಲ್ಲೇ, ಊರಿಗೆ ಹೊರಟಿದ್ದವರ ರೈಲುಗಳನ್ನು ಅಂದಿನ ಸರ್ಕಾರ ರದ್ದು ಮಾಡಿತು. ಟೀಕೆ ಜೋರಾದ ಮೇಲೆ ಮತ್ತೆ ಬಿಟ್ಟಿತು. ತಡೆದು ನಿಲ್ಲಿಸುವಾಗ ಇದ್ದ ಆತುರ, ಅವರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸುವಾಗಲೂ ಇರಬೇಡವೇ?

1996ರ ಕಾಯ್ದೆಯಿಂದ ಬಂದ, ನಿರ್ಮಾಣ ವೆಚ್ಚದ ಮೇಲಿನ ಶೇ 1ರ ಸೆಸ್ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಸೇರುತ್ತದೆ. ಮಕ್ಕಳ ವಿದ್ಯಾಭ್ಯಾಸ, ಹೆರಿಗೆ, ಪಿಂಚಣಿ, ಅಪಘಾತ ಪರಿಹಾರಕ್ಕೆ ಆ ಹಣ. ಆದರೆ ಅದನ್ನು ಪಡೆಯಲು ಬೇಕಾದ ಮಂಡಳಿಯ ನೋಂದಣಿ ಕಾರ್ಡ್ ಸಿಗಬೇಕಾದರೆ ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದ ದೃಢೀಕರಣ ಪತ್ರ ಬೇಕು. ನಮ್ಮ ಬೀದಿಯ ಕೊನೆಯ ಶೆಡ್‌ನಲ್ಲಿ ಮೇಸ್ತ್ರಿಯ ಹಾಜರಿ ಪುಸ್ತಕ ನೋಡಿದ್ದೇನೆ. ಸಿಮೆಂಟ್ ಬೆರಳಿನ ಗುರುತು ಬಿದ್ದ ನೋಟ್‌ಬುಕ್, ಹೆಸರಿನ ಮುಂದೆ ದಿನಕ್ಕೊಂದು ಗೀಟು, ಅರ್ಧ ದಿನಕ್ಕೆ ಅರ್ಧ ಗೀಟು, ಮುಂಗಡ ಕೊಟ್ಟ ದಿನ ಕೆಂಪು ಸುತ್ತು. 90ಕ್ಕೂ ಹೆಚ್ಚು ಗೀಟುಗಳು ಅಲ್ಲಿವೆ, ಮೊಹರು ಮಾತ್ರ ಇಲ್ಲ. ಸ್ಲ್ಯಾಬ್ ಮುಗಿದ ಮೇಲೆ ಮೇಸ್ತ್ರಿಯೂ ಇರುವುದಿಲ್ಲ, ಪುಸ್ತಕವೂ ಇರುವುದಿಲ್ಲ. ನಕಲಿ ಕಾರ್ಡ್‌ಗಳ ಹಾವಳಿ ತಡೆಯಬೇಕೆಂಬ ನಿಮ್ಮ ಇಲಾಖೆಯ ಕಾಳಜಿ ನ್ಯಾಯವಾದದ್ದೇ. ಆದರೆ ನಕಲಿಯವನ ಬಳಿ ಕಾಗದ ಸರಿಯಾಗಿರುತ್ತದೆ. ನಿಜವಾಗಿ ದುಡಿದವನ ಬಳಿ ಇಲ್ಲದಿರುವುದೇ ಕಾಗದ.

‘ಹೊರಗಿನವರಿಗೆ ನಮ್ಮ ಹಣ ಏಕೆ’ ಎನ್ನುವವರಿಗೂ ಒಂದು ಮಾತು. ಆ ಹಣ ವಸೂಲಾದದ್ದೇ ಕಟ್ಟಡದಲ್ಲಿ ದುಡಿಯುವವರ ಹೆಸರಿನಲ್ಲಿ. ಅದೂ ಅಲ್ಲದೆ, ಅದೇ ಶೆಡ್‌ನಲ್ಲಿರುವ ಯಾದಗಿರಿಯ ತಾಯಿಗೂ ಕಾರ್ಡ್ ಇಲ್ಲ.

ನಕ್ಷೆ ಮಂಜೂರಾತಿ ಹೊತ್ತಿಗೇ ಸೆಸ್ ಕಟ್ಟಿಸಿಕೊಳ್ಳುವುದರಿಂದ ಕಟ್ಟಡ ಎಲ್ಲಿ ಏಳುತ್ತಿದೆ ಎಂಬ ವಿಳಾಸ ಕಡತದಲ್ಲೇ ಇದೆ. ಆ ವಿಳಾಸಕ್ಕೆ ನೋಂದಣಿ ಸಿಬ್ಬಂದಿಯನ್ನು ಕಳುಹಿಸಿ, ಭಾನುವಾರ ಕಳುಹಿಸಿ. ಕೂಲಿ ಬಿಟ್ಟು ಕಚೇರಿ ಅಲೆಯಲು ಅವರಿಗೆ ಆಗದು. ಅರ್ಜಿ ಕನ್ನಡದಲ್ಲೇ ಇರಲಿ, ವಿವರಿಸುವವರು ಅವರ ಭಾಷೆ ಬಲ್ಲವರಾಗಿರಲಿ. ಪ್ರತಿ ತಿಂಗಳ ಹಾಜರಿಗೆ ಮುಖ್ಯ ಗುತ್ತಿಗೆದಾರನೇ ಸಹಿ ಹಾಕಿ ಮಂಡಳಿಗೆ ಸಲ್ಲಿಸಬೇಕೆಂದು ಆದೇಶ ಹೊರಡಿಸಿ. ಸಲ್ಲಿಸದ ಗುತ್ತಿಗೆದಾರನಿಗೆ ದಂಡ ಹಾಕಿ.

ಇಂತಿ,
ಸರ್ಜಾಪುರ ರಸ್ತೆಯ ಒಬ್ಬ ನಿವಾಸಿ