ದುರ್ಗಕ್ಕೆ ಬರುವ ಮಗಳಿಗೆ

ಚಿತ್ರದುರ್ಗ

ಚಿ. ಮಗಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ದೀಪಾವಳಿ ಕಳೆದ ಮೇಲೆ ನಾಲ್ಕು ದಿನ ರಜೆ ಹಾಕಿ ಒಬ್ಬಳೇ ದುರ್ಗಕ್ಕೆ ಬರುತ್ತೇನೆ, ಲಾಡ್ಜಿನಲ್ಲೇ ಇರುತ್ತೇನೆ ಎಂದು ಬರೆದಿದ್ದೀಯ. ಹಾಗೇ ಮಾಡು, ನನಗೇನೂ ಬೇಜಾರಿಲ್ಲ. ಮನೆಯಲ್ಲಿ ಉಳಿದರೆ ಊಟ, ನೆಂಟರು, ಮಾತುಕತೆಯಲ್ಲೇ ನಾಲ್ಕು ದಿನ ಕಳೆದುಹೋಗುತ್ತದೆ. ಎಷ್ಟೋ ವರ್ಷದ ಮೇಲೆ ಬರುತ್ತಿದ್ದೀಯ, ಊರು ನಿನ್ನ ಪಾಲಿಗೆ ಸಿಗಲಿ.

ಬೆಂಗಳೂರಿನಿಂದ 200 ಕಿ.ಮೀ., ಬಸ್ಸಿನಲ್ಲಿ ಹತ್ತಿರ ಹತ್ತಿರ ನಾಲ್ಕು ತಾಸು. ಹತ್ತುವ ಮೊದಲು ಕಂಡಕ್ಟರ್ ಹತ್ತಿರ ‘ದುರ್ಗದ ಬಸ್ ಸ್ಟ್ಯಾಂಡ್ ಒಳಗೆ ಹೋಗುತ್ತಾ?’ ಎಂದೇ ಕೇಳು. ಹುಬ್ಬಳ್ಳಿ ಕಡೆಯ ಕೆಲವು ಬಸ್ಸು ಬೈಪಾಸಿನಲ್ಲೇ ಇಳಿಸಿ ಹೋಗುತ್ತವೆ. ಬ್ಯಾಗು ಹಿಡಿದು ಹೆದ್ದಾರಿ ಬದಿಯಲ್ಲಿ ಕತ್ತಲಲ್ಲಿ ಆಟೋ ಕಾಯುವುದು ಬೇಡ. ಕೆಂಪು ಬಸ್ಸಿಗೆ ಬಂದರೆ ಶಕ್ತಿ ಯೋಜನೆಯ ಉಚಿತ ಟಿಕೆಟ್ ಸಿಗುತ್ತದೆ, ಆದರೆ ಆಧಾರ್‌ನಲ್ಲಿ ಕರ್ನಾಟಕದ ವಿಳಾಸ ಇರಬೇಕು. ರಾಜಹಂಸ, ಐರಾವತಕ್ಕೆ ಅದು ನಡೆಯುವುದಿಲ್ಲ. ದುಡ್ಡು ಕೊಡದಿದ್ದರೂ ಟಿಕೆಟ್ ಕೇಳಿ ಪಡೆದು ಇಳಿಯುವ ತನಕ ಜೋಪಾನ ಮಾಡು.

ರೂಮು ಕೊನೆಯ ಮಹಡಿಯಲ್ಲಿ ಕೊಟ್ಟರೆ ಬೇಡ ಅನ್ನು. ನಮ್ಮೂರಲ್ಲಿ ಚಳಿಗಾಲದಲ್ಲೂ ಮಧ್ಯಾಹ್ನದ ಬಿಸಿಲು ಬಲ, ಹಗಲೆಲ್ಲ ಕಾದ ತಾರಸಿ ರಾತ್ರಿ ನಿದ್ದೆಗೆಡಿಸುತ್ತದೆ. ರಸ್ತೆಯ ಕಡೆ ಕಿಟಕಿ ಇಲ್ಲದ್ದನ್ನು ಕೇಳು.

ಮೊದಲ ದಿನ ಕೋಟೆ ಹತ್ತಬೇಡ. ಬಂದವರೆಲ್ಲ ಬ್ಯಾಗು ಇಟ್ಟು ಅತ್ತಲೇ ಓಡುತ್ತಾರೆ. ಹನ್ನೊಂದು ಗಂಟೆಯ ಬಿಸಿಲಲ್ಲಿ ಅರ್ಧ ಹತ್ತಿ, ತಲೆನೋವು ಹಿಡಿಸಿಕೊಂಡು ಇಳಿದರೆ ಮಾರನೇ ದಿನವೂ ಹಾಳು. ಉಂಡು ಮಲಗು. ಐದು ಗಂಟೆಗೆ ಎದ್ದು ಸಂತೆಹೊಂಡದ ತನಕ ನಡೆದು ಹೋಗು, ಕಟ್ಟೆಯ ಹತ್ತಿರ ಅರ್ಧ ಗಂಟೆ ಕೂತುಬಾ. ದಾರಿಯಲ್ಲಿ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ತಿನ್ನು. ಒಗ್ಗರಣೆ ಕಲಸಿಟ್ಟ ರಾಶಿಯಿಂದ ಕೊಟ್ಟರೆ ಬೇಡ, ಎದುರಿಗೇ ಕಲಸಿಸಿಕೋ.

ಎರಡನೇ ದಿನ ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಕೋಟೆಯ ಹತ್ತಿರ ಇರು. ಬರೀ ಚಹಾ, ಎರಡು ಬಾಳೆಹಣ್ಣು ಸಾಕು. ಹೊಟ್ಟೆ ತುಂಬಿಸಿಕೊಂಡು ಮೆಟ್ಟಿಲು ಹತ್ತಬೇಡ. ಎರಡು ಲೀಟರ್ ನೀರು ಬೆನ್ನಿನ ಚೀಲದೊಳಗಿರಲಿ. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಕಂಡರೆ ಕೋತಿಗಳು ಬಿಡುವುದಿಲ್ಲ. ರಬ್ಬರ್ ಅಟ್ಟೆಯ ಬೂಟು ಹಾಕು, ಮೆಟ್ಟಿಲುಗಳು ಸವೆದು ನುಣ್ಣಗಾಗಿವೆ.

ಬಾಗಿಲು, ಬತೇರಿ, ಗುಡಿ ಎಲ್ಲವನ್ನೂ ನೋಡಿಯೇ ತೀರಬೇಕೆಂಬ ಹಟ ಈ ಸಲ ಬಿಡು. ನೀರಿನ ಜಾಡು ಒಂದನ್ನು ಹಿಡಿ. ಬಂಡೆಯ ಮೇಲೆ ಬಾವಿ ತೋಡಲಾಗದು, ಅದಕ್ಕೇ ಬಂಡೆಗಳಿಂದ ಹರಿದುಬರುವ ಮಳೆಯನ್ನೇ ಹೊಂಡಗಳಲ್ಲಿ ಹಿಡಿದಿಟ್ಟರು. ಗೋಪಾಲಸ್ವಾಮಿ ಹೊಂಡ ತುಂಬಿದರೆ ಹೆಚ್ಚಾದ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಕೊನೆಗೆ ನೀನು ಹಿಂದಿನ ಸಂಜೆ ಕೂತಿದ್ದ ಸಂತೆಹೊಂಡಕ್ಕೆ. 1779ರಲ್ಲಿ ಹೈದರಾಲಿಯ ಕೈಸೇರುವ ಮೊದಲು ಈ ಕೋಟೆ ಅಷ್ಟು ಮುತ್ತಿಗೆ ತಡೆದದ್ದರಲ್ಲಿ ಗೋಡೆಯಷ್ಟೇ ಪಾಲು ಈ ನೀರಿನದೂ ಇದೆ ಎಂದೇ ನಾನು ನಂಬಿದ್ದೇನೆ. ಓಬವ್ವನ ಕಥೆ ಶುರುವಾಗುವುದೂ ನೀರಿಗೆ ಹೋದಲ್ಲಿಂದಲೇ ಅಲ್ಲವೇ?

ಗೋಪಾಲಸ್ವಾಮಿ ಹೊಂಡದ ಬದಿಯ ಕಲ್ಲಿನ ಮೇಲೆ ನೀರಿನ ಕಲೆ ಗೆರೆ ಗೆರೆಯಾಗಿ ಕಾಣುತ್ತದೆ, ಮೇಲಿನ ಗೆರೆಯಿಂದ ನೀರು ಎಷ್ಟು ಕೆಳಗಿದೆ ನೋಡು. ಈ ವರ್ಷದ ಮಳೆಯ ಲೆಕ್ಕ ಅಲ್ಲೇ ಸಿಗುತ್ತದೆ. ಪಾಚಿ ಕಟ್ಟಿದ ಕೆಳಗಿನ ಮೆಟ್ಟಿಲಿಗೆ ಮಾತ್ರ ಇಳಿಯಬೇಡ. ಬರುವಾಗ ದಾರಿಬದಿಯ ಬಂಡೆಗಳನ್ನೂ ಗಮನಿಸು: ಸಾಲಾಗಿ ಸಣ್ಣ ಸಣ್ಣ ಗುಳಿ, ಒಂದೊಂದಕ್ಕೂ ಎರಡು ಬೆರಳು ಹೋಗುವಷ್ಟು. ಬೆಣೆ ಹೊಡೆದು ಕಲ್ಲು ಸೀಳಿದ ಗುರುತು ಅವು. ಕೆಲವು ಕಡೆ ಗುಳಿ ಕೊರೆದು, ಸೀಳದೆ ಹಾಗೇ ಬಿಟ್ಟಿದ್ದಾರೆ. ಹತ್ತೂವರೆಯೊಳಗೆ ಇಳಿದುಬಿಡು.

ಮೂರನೇ ದಿನ ಮಧ್ಯಾಹ್ನದ ಊಟ ಆದ ಮೇಲೆ ಊರ ಪಕ್ಕದ ಚಂದ್ರವಳ್ಳಿ. ಭೈರವೇಶ್ವರ ಗುಡಿಯ ಹತ್ತಿರದ ಬಂಡೆಯಲ್ಲಿ ಕದಂಬರ ಮಯೂರಶರ್ಮನ ಶಾಸನವಿದೆ, ನಾಲ್ಕನೇ ಶತಮಾನದ್ದು, ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ. ಅದು ಹೇಳುವುದೂ ಕೆರೆ ಕಟ್ಟಿಸಿದ ವಿಷಯವನ್ನೇ. ಓದಿ ಆದ ಮೇಲೆ ತಿರುಗಿ ಕೆರೆಯ ಕಡೆ ನೋಡು. ಅಂಕಳಿ ಮಠದ ಗುಹೆಗೆ ಒಬ್ಬಳೇ ಇಳಿಯಬೇಡ. ಒಳಗೆ ಗವ್ವೆನ್ನುವ ಕತ್ತಲೆ, ಬಾಗಿಲುಗಳು ಗಿಡ್ಡ, ಹಣೆ ಬಡಿಯುತ್ತದೆ. ಗೈಡ್ ಜೊತೆ, ಸರಿಯಾದ ಟಾರ್ಚ್ ಹಿಡಿದು ಹೋಗು. ಮೊಬೈಲಿನ ಬೆಳಕು ಸಾಲದು. ಐದಕ್ಕೆ ಅಲ್ಲಿಂದ ಹೊರಟು ನನಗೊಂದು ಫೋನ್ ಮಾಡು.

ಬೆಣ್ಣೆ ದೋಸೆಯ ಆಸೆಯನ್ನು ಕೊನೆಯ ದಿನಕ್ಕೆ ಇಟ್ಟುಕೋ. ದಾವಣಗೆರೆ 60 ಕಿ.ಮೀ., ಬೆಳಗ್ಗೆ ಬೇಗ ಹೊರಡು, ತಿಂದು ಅಲ್ಲಿಂದಲೇ ಬೆಂಗಳೂರಿನ ರೈಲು ಹಿಡಿಯಬಹುದು. ಎರಡು ದೋಸೆ ಒಟ್ಟಿಗೆ ಹೇಳಬೇಡ. ಮೊದಲನೆಯದು ಮುಗಿಯುವಷ್ಟರಲ್ಲಿ ಎರಡನೆಯದು ಆರಿ, ಬೆಣ್ಣೆ ಹೀರಿ ಮೆತ್ತಗಾಗುತ್ತದೆ.

ಮೂರನೇ ದಿನ ಮಧ್ಯಾಹ್ನದ ಊಟಕ್ಕೆ ಮಾತ್ರ ಮನೆಗೆ ಬಾ. ಮುದ್ದೆ, ಸೊಪ್ಪಿನ ಸಾರು, ಶೇಂಗಾ ಚಟ್ನಿ. ಹೊರಡುವಾಗಲೇ ತಿಳಿಸಿದರೆ ನೀನು ಕೈಕಾಲು ತೊಳೆಯುವಷ್ಟರಲ್ಲಿ ಮುದ್ದೆ ಕಟ್ಟುತ್ತೇನೆ.

ನಿನ್ನ
ದೊಡ್ಡಮ್ಮ