ಮೂಸೆಗೆ ಹೋದ ಹದ್ದುಗಳು

ಫಿಲಡೆಲ್ಫಿಯಾ

ತೀರ್ಥರೂಪರಾದ ಅಪ್ಪನವರಿಗೆ ಸಾಷ್ಟಾಂಗ ನಮಸ್ಕಾರಗಳು.

ನಾನು ಕ್ಷೇಮ. ಅಮ್ಮನ ಮಂಡಿನೋವು ಹೇಗಿದೆ ಎಂದು ತಿಳಿಸಿ. ಅಮೆರಿಕದ ಹಳೆಯ ಚಿನ್ನದ ನಾಣ್ಯ ಎಷ್ಟು ಕ್ಯಾರೆಟ್ಟಿನದು ಎಂದು ಕೇಳಿದ್ದಿರಿ. ಅದು ಫೋನಿನಲ್ಲಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

1834ಕ್ಕೆ ಮೊದಲಿನದಾದರೆ 22 ಕ್ಯಾರೆಟ್. ಹನ್ನೆರಡರಲ್ಲಿ ಹನ್ನೊಂದು ಪಾಲು ಚಿನ್ನ, ಉಳಿದದ್ದು ಬೆಳ್ಳಿ ಮತ್ತು ತಾಮ್ರ. 1792ರ ಕಾಯಿದೆಯೇ ಹಾಗೆ ನಿಗದಿ ಮಾಡಿತ್ತು. ಅದೇ ವರ್ಷ ಈ ಊರಿನಲ್ಲಿ ಟಂಕಸಾಲೆ ಶುರುವಾದರೂ ಚಿನ್ನದ ನಾಣ್ಯ ಹೊರಬಂದದ್ದು 1795ರಲ್ಲಿ. ಮುಖ್ಯ ಟಂಕಕಾರ ಮತ್ತು ಲೋಹ ಪರೀಕ್ಷಕ ತಲಾ 10,000 ಡಾಲರ್ ಜಾಮೀನು ಕೊಟ್ಟ ಹೊರತು ಚಿನ್ನ, ಬೆಳ್ಳಿ ಮುಟ್ಟುವಂತಿರಲಿಲ್ಲ. ಅಷ್ಟು ಹಣ ಅವರಿಗೆ ಎಲ್ಲಿಂದ ಬರಬೇಕು? 1794ರಲ್ಲಿ ಸಂಸತ್ತು ಮೊತ್ತ ಇಳಿಸಿದ ಮೇಲೆ ಕೆಲಸ ಮುಂದುವರಿಯಿತು. ‘ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ’ ಎಂದು ನಮ್ಮ ಕಸುಬಿನವರನ್ನು ಆಡಿಕೊಳ್ಳುವುದು ನಮ್ಮಲ್ಲಿ ಮಾತ್ರ ಎಂದುಕೊಂಡಿದ್ದೆ!

ಹತ್ತು ಡಾಲರಿನದು ಈಗಲ್, ಐದರದು ಹಾಫ್ ಈಗಲ್, ಎರಡೂವರೆಯದು ಕ್ವಾರ್ಟರ್ ಈಗಲ್. ಹಿಂಬದಿಯಲ್ಲಿ ಹದ್ದು ಇರುತ್ತದೆ, ಬೆಲೆ ಇರುವುದಿಲ್ಲ. ಐದು ಡಾಲರಿನ ನಾಣ್ಯದ ಮೇಲೆ ಬೆಲೆ ಬಂದದ್ದೇ 1807ರಲ್ಲಿ. ನಿಮಗೆ ಇಷ್ಟವಾಗುವ ಸಂಗತಿ ಇನ್ನೊಂದಿದೆ. ಬಿಲ್ಲೆಯ ತೂಕ ಹೆಚ್ಚಾದರೆ ಅಚ್ಚೊತ್ತುವ ಮೊದಲು ಅರದಿಂದ ಉಜ್ಜಿ ಸರಿಪಡಿಸುತ್ತಿದ್ದರು. ಕೆಲವು ನಾಣ್ಯಗಳ ಮೇಲೆ ಆ ಗೀರುಗಳು ಇಂದಿಗೂ ಕಾಣುತ್ತವೆ. ತಿಳಿಯದವರು ಮೂಗು ಮುರಿಯಬಹುದು. ನನಗಂತೂ ಹದ್ದಿಗಿಂತ ಆ ಗೀರೇ ಚೆನ್ನಾಗಿ ಕಂಡಿತು.

ಇವು ಇಷ್ಟು ಅಪರೂಪ ಏಕೆ ಎಂದರೆ, ಹೊಡೆದದ್ದು ಕಡಿಮೆ ಎನ್ನುವುದು ಅರ್ಧ ಉತ್ತರ. ಉಳಿದರ್ಧ ಮೂಸೆಯದು. ಕಾಯಿದೆಯ ಪ್ರಕಾರ ಒಂದು ತೂಕ ಚಿನ್ನಕ್ಕೆ ಹದಿನೈದು ತೂಕ ಬೆಳ್ಳಿ. ಯುರೋಪಿನಲ್ಲಿ ಅದೇ ಚಿನ್ನಕ್ಕೆ ಸುಮಾರು ಹದಿನೈದೂವರೆ ತೂಕ ಬೆಳ್ಳಿ ಸಿಗುತ್ತಿತ್ತು. ವ್ಯಾಪಾರಿ ಸುಮ್ಮನಿರುತ್ತಾನೆಯೇ? ನಾಣ್ಯಗಳನ್ನು ಕೂಡಿಸಿ ಹಡಗು ಹತ್ತಿಸಿದರು, ಅಲ್ಲಿ ಅವು ಕರಗಿ ಗಟ್ಟಿಯಾದವು. ಜನರ ಕೈಯಲ್ಲಿ ಚಿನ್ನ ಓಡಾಡಲೇ ಇಲ್ಲ. 1804ರಲ್ಲಿ ಹತ್ತು ಡಾಲರಿನ ನಾಣ್ಯ ಹೊಡೆಯುವುದನ್ನೇ ನಿಲ್ಲಿಸಿದರು. ಅದು ಮತ್ತೆ ಬಂದದ್ದು 1838ರಲ್ಲಿ.

1834ರಲ್ಲಿ ಸರ್ಕಾರ ಎಚ್ಚೆತ್ತು ನಾಣ್ಯದಲ್ಲಿನ ಚಿನ್ನವನ್ನೇ ಕಡಿಮೆ ಮಾಡಿತು. ಹೊರಕ್ಕೆ ಹರಿಯುವುದು ನಿಂತಿತು, ನಿಜ. ಆದರೆ ಅಲ್ಲಿಯವರೆಗೆ ಬದುಕುಳಿದಿದ್ದ ಹಳೆಯ ನಾಣ್ಯಗಳಿಗೆ ಅದೇ ಮೃತ್ಯುವಾಯಿತು. ಹಳೆಯ ಐದು ಡಾಲರಿನಲ್ಲಿ ಹೊಸ ಲೆಕ್ಕದ 5 ಡಾಲರ್ 33 ಸೆಂಟ್‌ನಷ್ಟು ಚಿನ್ನವಿತ್ತು. ಕರಗಿಸದವನೇ ದಡ್ಡ.

1822ರ ಹಾಫ್ ಈಗಲ್ ನೋಡಿ. ಟಂಕಸಾಲೆಯ ಲೆಕ್ಕದಲ್ಲಿ ಆ ವರ್ಷ ಹೊಡೆದದ್ದು 17,796. ತಿಳಿದಂತೆ ಇಂದು ಉಳಿದಿರುವುದು ಮೂರೇ ಮೂರು. ಎರಡು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿವೆ, ಅವು ಮಾರಾಟಕ್ಕಿಲ್ಲ. ಮೂರನೆಯದು 2021ರ ಹರಾಜಿನಲ್ಲಿ 84 ಲಕ್ಷ ಡಾಲರಿಗೆ ಹೋಯಿತು. ಅದರಲ್ಲಿರುವ ಅಪ್ಪಟ ಚಿನ್ನ ಸುಮಾರು 8 ಗ್ರಾಂ, ನಮ್ಮ ಲೆಕ್ಕದ ಒಂದು ಪವನು. ನಮ್ಮಲ್ಲಿ ಮಜೂರಿ ಹೆಚ್ಚಾಯಿತು ಎಂದು ಜಗಳ ತೆಗೆಯುವವರಿಗೆ ಇದನ್ನು ಹೇಳಬೇಕು!

ಅಂಗಡಿಗೆ ಯಾರಾದರೂ ಹದ್ದಿನ ಬಿಲ್ಲೆ ತಂದು ಕರಗಿಸಿಕೊಡಿ ಎಂದರೆ ಮೊದಲು ಇಸವಿ ನೋಡಿ. ಐದು ಡಾಲರಿನ ಹಳೆಯದು 8.75 ಗ್ರಾಂ ತೂಗಬೇಕು, 1834ರ ನಂತರದ್ದು 8.36. ನಕಲಿಗಳೂ ಬೇಕಾದಷ್ಟಿವೆ, ಒರೆಗಲ್ಲಿನ ಮೇಲೆ ಮಾತ್ರ ಉಜ್ಜಬೇಡಿ; ಗೀರು ಬಿದ್ದರೆ ಬೆಲೆ ಹೋಯಿತು. ಎರಡೂ ಬದಿಯ ಫೋಟೊ ತೆಗೆದು ನನಗೆ ಕಳುಹಿಸಿ.

ಅಮ್ಮನಿಗೆ ನಮಸ್ಕಾರ, ತಮ್ಮನಿಗೆ ಆಶೀರ್ವಾದ.

ಇಂತಿ ನಿಮ್ಮ ಮಗಳು